ಮೂವತ್ತೆಂಟು ಸಹಿಗಳು

ಮಾರ್ಚ್ 3, ಸೋಮವಾರ

ಬಂದು ತಲುಪಿದೆ. ಕೋಣೆ ಚೊಕ್ಕಟವಾಗಿದೆ, ಹಾಸಿಗೆ ಮಾತ್ರ ನಡುವೆ ತಗ್ಗು. ಕಿಟಕಿ ತೆರೆದರೆ ಎದುರಿಗೇ ಮೈದಾನದ ಗೋಡೆ, ರಸ್ತೆ ದಾಟಿದರೆ ಆಫೀಸು. ಇದ್ದಷ್ಟು ದಿನಕ್ಕೆ ಇಷ್ಟು ಧಾರಾಳವಾಯಿತು.

ಪ್ರತಿ ಸಲವೂ ಹೀಗೊಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ವರದಿಯಲ್ಲಿ ಬರೆಯಬಾರದ ಗೊಣಗಾಟ, ಸಿಟ್ಟು, ಅನುಮಾನ ಎಲ್ಲವನ್ನೂ ಇಲ್ಲಿ ಕಕ್ಕಿಬಿಟ್ಟರೆ ಅಲ್ಲಿ ಬರವಣಿಗೆ ತಣ್ಣಗಿರುತ್ತದೆ. ಫುಟ್‌ಬಾಲ್ ಒಕ್ಕೂಟದ ಲೈಸೆನ್ಸ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಸವೆಸಿದ್ದೇನೆ. ಮುಳುಗುತ್ತಿರುವ ಕ್ಲಬ್ಬುಗಳ ಮೇಲೆ ಹನ್ನೊಂದು ವರದಿ ಬರೆದಿದ್ದೇನೆ. ಏಳರಲ್ಲಿ ಬಾಗಿಲು ಹಾಕಿಸಿ ಎಂದಿದ್ದೇನೆ. ಏಳೂ ಸಲ ಊಟ ಬಿಡಲಿಲ್ಲ.

ಇಲ್ಲಿಯದು ಹಳೆಯ ಕಥೆಯೇ. ನಾಲ್ಕು ವರ್ಷದ ಹಿಂದೆ ಒಬ್ಬ ಕಟ್ಟಡದ ವ್ಯಾಪಾರಿ ಕ್ಲಬ್ಬನ್ನು ಕೊಂಡ. ಟೀವಿಯಿಂದ ಬಂದ ಹಣವನ್ನು ತನ್ನ ಬೇರೆ ವ್ಯಾಪಾರಕ್ಕೆ ಸುರಿದ. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಮಾರಿದ, ಆಮೇಲೆ ಬಸ್ಸನ್ನು, ಆಮೇಲೆ ಹುಲ್ಲು ಕತ್ತರಿಸುವ ಯಂತ್ರವನ್ನು. ಎರಡು ತಿಂಗಳಿಂದ ಅವನ ಫೋನು ಸ್ವಿಚ್ ಆಫ್. ಮೈದಾನ ನಗರಸಭೆಯದು, ಹಾಗಾಗಿ ಅದೊಂದು ಉಳಿದಿದೆ. ಸೀಸನ್ನಿನಲ್ಲಿ ಇನ್ನೂ ಒಂಬತ್ತು ಪಂದ್ಯ ಬಾಕಿ ಇವೆ.

ನಮ್ಮ ನಿಯಮ ಮೂವತ್ತೊಂದರ ಪ್ರಕಾರ, ಸೀಸನ್ ನಡೆಯುವಾಗ ಎರಡು ತಿಂಗಳು ಸಂಬಳ ಕೊಡದ ಕ್ಲಬ್ಬಿನ ಲೈಸೆನ್ಸು ತಾನಾಗಿಯೇ ರದ್ದು. ಎರಡು ದಿನದಲ್ಲಿ ಮುಗಿಸಿ ಹೊರಡಬಹುದು ಎಂದುಕೊಂಡೇ ಬಂದಿದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಗುಮಾಸ್ತ ಸಂಬಳದ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟ. ಫೆಬ್ರವರಿ ತನಕ ಎಲ್ಲರಿಗೂ ಸಂದಿದೆಯಂತೆ. ಆಟಗಾರರು ಇಪ್ಪತ್ತೆರಡು, ಉಳಿದವರು ಹದಿನಾರು, ಒಟ್ಟು ಮೂವತ್ತೆಂಟು ಸಹಿ. ಕೋಚ್‌ನಿಂದ ಗೇಟಿನವನ ತನಕ ಒಬ್ಬರೂ ಬಿಟ್ಟುಹೋಗಿಲ್ಲ.

ಗುಮಾಸ್ತ ಸಣ್ಣ ಆಳು, ಸ್ವೆಟರಿನ ಮೊಣಕೈಗೆ ತೇಪೆ. ಅವನು ರಿಜಿಸ್ಟರ್ ಕೊಟ್ಟ ರೀತಿ ನನಗೆ ಹಿಡಿಸಲಿಲ್ಲ. ಇಟ್ಟ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಮಾರ್ಚ್ 4, ಮಂಗಳವಾರ

ಹಾಸಿಗೆಯ ತಗ್ಗಿನ ಕೃಪೆಯಿಂದ ಆರಕ್ಕೇ ಎಚ್ಚರ. ಕಿಟಕಿಯಿಂದ ನೋಡಿದರೆ ಮೈದಾನದಲ್ಲಿ ಒಬ್ಬ ಮುದುಕ ಬರಿಗಾಲಲ್ಲಿ, ತಲೆ ಬಗ್ಗಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ನಡೆಯುತ್ತಿದ್ದ. ಸ್ವೆಟರಿನ ಮೇಲೆ ಶಾಲು ಹೊದೆಯಬೇಕಾದ ಚಳಿ. ಪಾಪ, ತಲೆ ಕೆಟ್ಟಿರಬೇಕು ಎಂದು ಇಳಿದು ಹೋದೆ.

ಅವನು ಮೈದಾನ ನೋಡಿಕೊಳ್ಳುವವನು. ವಯಸ್ಸು ಅರವತ್ತೇಳು. ಎಲ್ಲರೂ ಹುಲ್ಲಜ್ಜ ಎನ್ನುತ್ತಾರೆ. ಬೂಟು ಏನಾಯಿತು ಎಂದು ಕೇಳಿದೆ.

"ಕಣ್ಣಿಗೆ ಎಲ್ಲಾ ಹಸಿರೇ ಮೇಡಂ. ಬೇರು ಎಲ್ಲಿ ಸಡಿಲ ಆಗಿದೆ ಅಂತ ಅಂಗಾಲಿಗೆ ಮಾತ್ರ ಗೊತ್ತಾಗೋದು," ಎಂದ.

ಎಡಗಡೆಯ ಮೂಲೆಯ ಹತ್ತಿರ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ನನಗೆ ಏನೂ ಕಾಣಲಿಲ್ಲ. ಕೈಯಿಂದ ಮುಟ್ಟಿಸಿದ. ನಿಜ, ಅಂಗೈಯಷ್ಟು ಹುಲ್ಲು ಮಣ್ಣು ಬಿಟ್ಟು ಅಲುಗಾಡುತ್ತಿತ್ತು. ಶನಿವಾರ ಅಲ್ಲಿ ಯಾರಾದರೂ ಕಾಲೂರಿ ತಿರುಗಿದರೆ ಮೊಣಕಾಲು ಹೋದಂತೆಯೇ ಎಂದು ಹೇಳಿ, ಜೇಬಿನಿಂದ ಒಂದು ಕಡ್ಡಿ ತೆಗೆದು ಗುರುತು ನೆಟ್ಟ.

ಯಂತ್ರ ಹೋದ ಮೇಲೆ ಗುಜರಿಯಿಂದ ತಂದ, ಕೈಯಲ್ಲಿ ತಳ್ಳುವ ಕತ್ತರಿಯಂತ್ರವೊಂದನ್ನು ಇಟ್ಟುಕೊಂಡಿದ್ದಾನೆ. ಅದರ ಅಗಲ ಅರ್ಧ ಮೀಟರ್. ನಾನು ಅಲ್ಲೇ ಲೆಕ್ಕ ಹಾಕಿದೆ. ನೂರೈದು ಮೀಟರ್ ಉದ್ದ, ಅರವತ್ತೆಂಟು ಅಗಲ, ಅಂದರೆ ನೂರ ಮೂವತ್ತಾರು ಸಾಲು. ಹದಿನಾಲ್ಕು ಕಿಲೋಮೀಟರ್ ದಾಟುತ್ತದೆ. ವಾರಕ್ಕೆ ಎರಡು ಸಲ. ನಂಬಿಕೆ ಬರದೆ ಮನೆಗೆ, ನಮ್ಮವರಿಗೆ ಫೋನು ಮಾಡಿ ಕೇಳಿದೆ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಕ್ಷಣದಲ್ಲಿ ತಪ್ಪು ಹಿಡಿದರು. "ಲೆಕ್ಕ ಸರಿ ಇದೆ. ಆದ್ರೆ ಪ್ರತಿ ಸಾಲಿನ ಕೊನೇಲಿ ತಿರುಗಬೇಕಲ್ಲ, ಅದನ್ನ ಬಿಟ್ಟಿದ್ದೀಯ."

ಹುಲ್ಲಿನಲ್ಲಿ ಇಷ್ಟೊಂದು ಇದೆ ಎಂದು ಹತ್ತೊಂಬತ್ತು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಕೇಳಿದವಳೂ ನಾನಲ್ಲ.

ಮಾರ್ಚ್ 6, ಗುರುವಾರ

ಇದ್ದ ಸಾಮಾನಿನ ಪಟ್ಟಿ ಮಾಡುವ ದಿನ. ಕುರ್ಚಿ, ಗೋಲಿನ ಬಲೆ, ಚೆಂಡು, ಸ್ಟ್ರೆಚರು. ಬಟ್ಟೆ ಒಗೆಯುವ ಯಂತ್ರಗಳು ಎರಡು ಎಂದು ಹಳೆಯ ಪಟ್ಟಿಯಲ್ಲಿತ್ತು. ಹೋಗಿ ನೋಡಿದರೆ ಗೋಡೆಯ ಮೇಲೆ ಎರಡು ಕೊಳವೆಯ ಬಾಯಿಗಳು ಮಾತ್ರ ಉಳಿದಿದ್ದವು.

ಆಟಗಾರರ ಸ್ನಾನದ ದೊಡ್ಡ ತೊಟ್ಟಿಯಲ್ಲಿ ಒಬ್ಬಳು ಹೆಂಗಸು ಸೀರೆ ಎತ್ತಿಕಟ್ಟಿ ನಿಂತು ಜೆರ್ಸಿಗಳನ್ನು ತುಳಿಯುತ್ತಿದ್ದಳು. ಇವಳನ್ನು ಬಟ್ಟೆಯಕ್ಕ ಎನ್ನುತ್ತಾರೆ. ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಮಾತಾಡುವುದಿದ್ದರೆ ಆ ಬಕೆಟ್ಟಿನಲ್ಲಿರುವುದನ್ನು ಹಿಂಡಿಕೊಡುತ್ತ ಮಾತಾಡಿ ಎಂದಳು. ಒಕ್ಕೂಟದ ಅಧಿಕಾರಿಗೆ ಹೀಗೆ ಹೇಳಿದವರು ಇವಳೊಬ್ಬಳೇ. ಹಿಂಡಿದೆ.

ಅವಳು ಪಂದ್ಯ ನೋಡುವುದಿಲ್ಲವಂತೆ, ಪುರುಸೊತ್ತಿಲ್ಲ. ಆದರೆ ಒಂದೊಂದೇ ಜೆರ್ಸಿ ಎತ್ತಿ ಅದನ್ನು ತೊಟ್ಟವನು ಹೇಗೆ ಆಡಿದ ಎಂದು ಹೇಳುತ್ತ ಹೋದಳು. ಇವನ ಬಲ ಸೊಂಟಕ್ಕೆ ಹುಲ್ಲಿನ ಕಲೆ, ಬಲಕ್ಕೆ ಜಾರಿ ಚೆಂಡು ಕಸಿಯುವವನು. ಇವನ ತೋಳು ಹರಿದಿದೆ, ಎದುರಾಳಿಗೆ ಹೆದರಿಕೆ ಇದೆ. ಇವನದು ಕಾಲರು ಮಾತ್ರ ಒದ್ದೆ, ಸುಮ್ಮನೆ ನಿಂತಿದ್ದಾನೆ, ಅವನಿಗೊಂದು ಮಾತು ಹೇಳಬೇಕು. ಆರನೆಯ ನಂಬರಿನದನ್ನು ಎತ್ತಿ ಸ್ವಲ್ಪ ಹೊತ್ತು ಹಿಡಿದಳು. ಅವನ ಕಲೆ ಯಾವಾಗಲೂ ಎಡಗಡೆ, ಎರಡು ವಾರದಿಂದ ಬಲಗಡೆಗೆ ಬಂದಿದೆ, ಎಡ ಮೊಣಕಾಲು ನೋಯುತ್ತಿದೆ, ಮುಚ್ಚಿಡುತ್ತಿದ್ದಾನೆ ಎಂದಳು.

ಸಂಜೆ ಕೋಚ್‌ನನ್ನು ಕೇಳಿದೆ. ಅವನು ಬೆಪ್ಪಾಗಿ ನೋಡಿದ. ಆರನೆಯವನ ಮೊಣಕಾಲಿನ ವಿಷಯ ಅವನಿಗೇ ಆ ಬೆಳಿಗ್ಗೆ ಗೊತ್ತಾದದ್ದಂತೆ.

ಮಾರ್ಚ್ 8, ಶನಿವಾರ

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಮಧ್ಯಾಹ್ನ ಇಲ್ಲೇ ಪಂದ್ಯವಿತ್ತು. ನಾನು ಸ್ಟ್ಯಾಂಡಿನ ಕೆಳಗಿರುವ ಆಫೀಸಿನಲ್ಲಿ ಕಾಗದ ನೋಡುತ್ತ ಕೂತಿದ್ದೆ. ಮೊದಲು ಮೇಲಿನಿಂದ ಕಾಲಿನ ಸಪ್ಪಳ, ಆಮೇಲೆ ಹಾಡು, ಆಮೇಲೆ ಸೂರಿನಿಂದ ಸುಣ್ಣದ ಪುಡಿ ನನ್ನ ಟೀ ಒಳಗೆ. ಗದ್ದಲ ನನಗೆ ಹೊಸದಲ್ಲ. ಲೋಟ ಪಕ್ಕಕ್ಕಿಟ್ಟು ಕೆಲಸ ಮುಂದುವರಿಸಿದೆ.

ಎಂಬತ್ತು ನಿಮಿಷ ಕಳೆದಿರಬೇಕು. ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಆರು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದದ್ದು ಗೋಡೆಯೊಳಗೆ ಕೂತ ನನಗೆ ಕೇಳಿಸಿತು. ಸದ್ದಿಲ್ಲದ್ದು ಕೇಳಿಸುವುದು ಎಂದರೇನು ಎಂದು ಯಾರಾದರೂ ಕೇಳಿದರೆ ಉತ್ತರ ಗೊತ್ತಿಲ್ಲ, ಆದರೆ ಕೇಳಿಸಿತು. ನನಗರಿವಿಲ್ಲದೆ ಎದ್ದಿದ್ದೆ. ಪೆನ್ನು ಕೈಯಲ್ಲೇ ಇತ್ತು. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ನಮ್ಮ ಗೋಲ್‌ಕೀಪರು ಪೆನಾಲ್ಟಿ ತಡೆದಿದ್ದ. ಗುರುತಿಲ್ಲದ ಒಬ್ಬ ದಡೂತಿ ಮನುಷ್ಯ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದ. ನಾನು ಬೈಯಲಿಲ್ಲ.

ಪಂದ್ಯ ಒಂದಕ್ಕೊಂದು ಸಮ. ಮೈ ಇನ್ನೂ ಒಂಥರಾ ಜುಮ್ಮೆನ್ನುತ್ತಿದೆ. ನೆಗಡಿ ಬರುವ ಲಕ್ಷಣ ಇರಬೇಕು.

ಮಾರ್ಚ್ 9, ಭಾನುವಾರ

ನೆಗಡಿ ಬರಲಿಲ್ಲ.

ಮಾರ್ಚ್ 11, ಮಂಗಳವಾರ

ಬ್ಯಾಂಕಿನಿಂದ ಕಾಗದ ಬಂತು. ಅಕ್ಟೋಬರ್ ಕೊನೆಯಿಂದ ಸಂಬಳಕ್ಕೆಂದು ಚಿಕ್ಕಾಸೂ ಹೊರಗೆ ಹೋಗಿಲ್ಲ. ಗುಮಾಸ್ತನನ್ನು ಕರೆದು ಬಾಗಿಲು ಹಾಕಿದೆ. ನಗದು ಕೊಟ್ಟೆವು ಎಂದ. ನಗದು ಎಲ್ಲಿಂದ ಬಂತು ಎಂದೆ. ಟಿಕೆಟ್ಟಿನ ಹಣ ಎಂದ. ಟಿಕೆಟ್ಟಿನ ಹಣ ಕರೆಂಟಿಗೂ ರೆಫರಿಗಳಿಗೂ ಸಾಲದು ಎಂದು ಅವನೇ ನಿನ್ನೆ ತೋರಿಸಿದ್ದ. ಅದನ್ನು ನೆನಪಿಸಿದೆ. ಅವನು ಕುರ್ಚಿ ಎಳೆದುಕೊಂಡು ಕೂತ. ಇಷ್ಟು ದಿನ ನನ್ನೆದುರು ಕೂತಿರಲಿಲ್ಲ.

"ಯಾರ್ಗೂ ನಾಲ್ಕು ತಿಂಗಳಿಂದ ಸಂಬಳ ಇಲ್ಲ ಮೇಡಂ. ನೀವು ಬರ್ತೀರ ಅಂತ ಗೊತ್ತಾದಾಗ ನಿಯಮದ ಪುಸ್ತಕ ತೆಗೆದು ಎಲ್ರಿಗೂ ಓದಿ ಹೇಳ್ದೆ. ಸಂಬಳ ಬಂದಿಲ್ಲ ಅಂದ್ರೆ ಕ್ಲಬ್ಬೇ ಹೋಗುತ್ತೆ. ಅದಕ್ಕೆ ಬಂದಿದೆ ಅಂತ ಸೈನ್ ಹಾಕಿದ್ವಿ. ಯಾರೂ ಬಲವಂತ ಮಾಡ್ಲಿಲ್ಲ."

ಒಂದು ಭಾನುವಾರ ಬೆಳಿಗ್ಗೆ ಡ್ರೆಸ್ಸಿಂಗ್ ರೂಮಿನಲ್ಲಿ ಸಾಲಾಗಿ ಕೂತು, ರಿಜಿಸ್ಟರನ್ನು ಕೈಯಿಂದ ಕೈಗೆ ದಾಟಿಸಿ, ಮೂವತ್ತೆಂಟು ಜನ ನಾಲ್ಕು ತಿಂಗಳ ಸಹಿ ಹಾಕಿದ್ದಾರೆ. ಆಮೇಲೆ ಎದ್ದು ಎಂದಿನಂತೆ ಕೆಲಸಕ್ಕೆ ಹೋಗಿದ್ದಾರೆ. ಬಸ್ಸಿಗೆ ಕಾಸಿಲ್ಲದೆ ಬಟ್ಟೆಯಕ್ಕ ದಿನವೂ ಆರು ಕಿಲೋಮೀಟರ್ ನಡೆದು ಬರುತ್ತಾಳಂತೆ. ಕೋಚ್ ಬೆಳಗಿನ ಜಾವ ಬ್ರೆಡ್ಡಿನ ವ್ಯಾನು ಓಡಿಸುತ್ತಾನಂತೆ.

ಸುಳ್ಳು ದಾಖಲೆ ಹಿಡಿದಾಗ ನನಗೆ ಒಂದು ಬಗೆಯ ಖುಷಿ ಆಗುತ್ತದೆ, ಸುಳ್ಳೇಕೆ ಹೇಳಲಿ. ಇವತ್ತು ಆಗಲಿಲ್ಲ. ಮಾಲೀಕ ಓಡಿಹೋದ ಮನೆಯನ್ನು ಕೂಲಿಯವರು ಹೀಗೆ ಎತ್ತಿ ಹಿಡಿದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಆದರೆ ಇವರು ಮಾಡಿಕೊಂಡ ಎಡವಟ್ಟು ಇವರಿಗೇ ಗೊತ್ತಿಲ್ಲ. ಗುಮಾಸ್ತರಿಗೆ ವಿವರಿಸಿದೆ. ಮಾಲೀಕ ದಿವಾಳಿಯಾದಾಗ ಅವನ ಆಸ್ತಿ ಹಂಚುವವರು ಮೊದಲು ಸಂಬಳ ಬಾಕಿ ಇರುವವರನ್ನು ಕೇಳುತ್ತಾರೆ. ಸಂದಿದೆ ಎಂದು ಸಹಿ ಹಾಕಿದವರಿಗೆ ಏನೂ ಸಿಗುವುದಿಲ್ಲ. ನಾಲ್ಕು ತಿಂಗಳ ದುಡಿಮೆಯನ್ನು ತಾವೇ ಕೈಯಾರೆ ಆ ಕಳ್ಳನಿಗೆ ಬಿಟ್ಟುಕೊಟ್ಟಂತಾಯಿತು.

"ಅದು ಹೊಳೀಲೇ ಇಲ್ಲ ಮೇಡಂ," ಎಂದರು. ಬಹಳ ಹೊತ್ತು ತೇಪೆಯನ್ನೇ ಎಳೆಯುತ್ತ ಕೂತಿದ್ದರು.

ಮಾರ್ಚ್ 12, ಬುಧವಾರ

ಒಕ್ಕೂಟದ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಇನ್ನೂ ಏನನ್ನೂ ಬಿಚ್ಚಿ ಹೇಳಿರಲಿಲ್ಲ, ರಿಜಿಸ್ಟರಿನಲ್ಲಿ ಸ್ವಲ್ಪ ಗೊಂದಲವಿದೆ ಎಂದೆ ಅಷ್ಟೇ. ಅವರು ತಕ್ಷಣ ಮೃದುವಾದರು. ಸೀಸನ್ನಿನ ಮಧ್ಯೆ ಒಂದು ತಂಡ ಕಡಿಮೆಯಾದರೆ ಟೀವಿಯವರು ರಂಪ ಮಾಡುತ್ತಾರಂತೆ. "ಸೈನ್ ಇದೆ ತಾನೇ? ಇದೆ ಅಂತ ಬರೀರಿ. ಅದರ ಹಿಂದೆ ಏನಿದೆ ಅಂತ ಅಗೆಯೋಕೆ ನಾವೇನು ಪೊಲೀಸಾ?"

ಹಾಗೆ ಬರೆದುಬಿಟ್ಟರೆ ಕ್ಲಬ್ಬು ಉಳಿಯುತ್ತದೆ. ಒಕ್ಕೂಟ ಉಳಿಯುತ್ತದೆ. ಓಡಿಹೋದವನು ಎಲ್ಲರಿಗಿಂತ ಚೆನ್ನಾಗಿ ಉಳಿಯುತ್ತಾನೆ. ಈ ಮೂವತ್ತೆಂಟು ಜನ ಮಾತ್ರ ತೊಳೆದುಹೋಗುತ್ತಾರೆ. ನಿಜ ಬರೆದರೆ ಇವರ ಸಂಬಳಕ್ಕೆ ಒಂದು ದಾರಿಯಾಗುತ್ತದೆ, ಆದರೆ ನಿಯಮದ ಪ್ರಕಾರ ಲೈಸೆನ್ಸು ರದ್ದು. ಜೊತೆಗೆ ಸುಳ್ಳು ಸಹಿಯ ಅಪರಾಧ ಬೇರೆ. ಮುಂದೆ ಹೋದರೆ ಹಳ್ಳ, ಹಿಂದೆ ಬಂದರೆ ಗೋಡೆ.

ಇವತ್ತು ಬೆಳಿಗ್ಗೆ ಹುಲ್ಲಜ್ಜ ಎಡಮೂಲೆಗೆ ಹೊಸ ಮಣ್ಣು ತುಂಬಿ ಅಂಗೈಯಿಂದ ತಟ್ಟುತ್ತಿದ್ದರು. ಹತ್ತು ನಿಮಿಷ ನಿಂತು ನೋಡಿದೆ.

ಮಾರ್ಚ್ 14, ಶುಕ್ರವಾರ

ಒಗೆಯುವ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ ಎರಡೂ ದಾರಿಗಳನ್ನು ಹೇಳಿದೆ. ಹೀಗೆ ಹೇಳುವುದು ಪದ್ಧತಿಯಲ್ಲ. ತನಿಖೆಗೆ ಬಂದವರು ತಮ್ಮ ಬಾಯಿ ಹೊಲಿದುಕೊಂಡಿರಬೇಕು.

ಎಲ್ಲರೂ ಒಕ್ಕೊರಲಿನಿಂದ ಸಂಬಳ ಬೇಡ ಎನ್ನುತ್ತಾರೆ ಎಂದು ಎಣಿಸಿದ್ದೆ. ಇಲ್ಲ. ಬಟ್ಟೆಯಕ್ಕನೇ ಮೊದಲು ಸಿಡಿದರು. ಮನೆ ಬಾಡಿಗೆ ಮೂರು ತಿಂಗಳಿನದು ನಿಂತಿದೆ, ಮಗಳ ಫೀಸು ಬಾಕಿ, ತನ್ನ ದುಡ್ಡು ಆ ಮನುಷ್ಯನ ಜೇಬಿನಲ್ಲಿರುವುದು ತನಗೆ ಸುತರಾಂ ಒಪ್ಪಿಗೆಯಿಲ್ಲ ಎಂದರು. ಹಾಗಾದರೆ ಯಾಕೆ ಸಹಿ ಹಾಕಿದಿರಿ ಎಂದು ಯಾರೋ ಕೇಳಿದರು. "ಪಂದ್ಯ ನಿಲ್ಬಾರ್ದು ಅಂತ ಹಾಕ್ದೆ. ದಾನ ಮಾಡೋಕಲ್ಲ," ಎಂದರು. ಹುಲ್ಲಜ್ಜ ಒಪ್ಪಲಿಲ್ಲ. ಸಂಬಳ ಹೋದರೆ ಹೋಗಲಿ, ಕ್ಲಬ್ಬು ಹೋದರೆ ಇಲ್ಲಿ ಮೂರು ತಿಂಗಳಲ್ಲಿ ಕಳೆ ಬೆಳೆಯುತ್ತದೆ ಎಂದರು. ಮಾತು ಜೋರಾಯಿತು. ಕೋಚ್ ಸಮಾಧಾನ ಹೇಳಲು ಹೋಗಿ ಎರಡೂ ಕಡೆಯಿಂದ ಬೈಸಿಕೊಂಡರು.

ಇಷ್ಟು ಜಗಳದ ಮಧ್ಯೆ ಆರನೆಯ ನಂಬರಿನ ಹುಡುಗ ಕೈಯೆತ್ತಿ, ನಾಳೆ ಪರಸ್ಥಳದ ಪಂದ್ಯಕ್ಕೆ ಬಿಳಿ ಜೆರ್ಸಿ ಒಣಗಿದೆಯಾ ಎಂದು ಕೇಳಿದ. ತಕ್ಷಣ ಮೂವತ್ತೇಳು ಜನವೂ ಜಗಳ ಬಿಟ್ಟು ಅದರ ಬಗ್ಗೆ ಮಾತಾಡತೊಡಗಿದರು. ಒಣಗಿರಲಿಲ್ಲ. ಯಾರ ಮನೆಯಲ್ಲಿ ಹೀಟರ್ ಇದೆ ಎಂದು ವಿಚಾರಿಸಿ ಹಂಚಿಕೊಂಡರು. ನಾನೂ ನಾಲ್ಕು ತಂದಿದ್ದೇನೆ. ಈಗ ನನ್ನ ಕುರ್ಚಿಯ ಮೇಲೆ ಹರಡಿವೆ. ಇಂಥವರನ್ನು ಏನೆಂದು ಕರೆಯಬೇಕೋ, ಯಾವ ಕಾಲಮಿನಲ್ಲಿ ಬರೆಯಬೇಕೋ.

ಮಾರ್ಚ್ 17, ಸೋಮವಾರ

ಮಾಲೀಕನಿಗೆ ಕ್ಲಬ್ಬು ಕೊಳ್ಳಲು ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಾಲೀಕರ ಅರ್ಹತೆ ಪರೀಕ್ಷಿಸುವುದು ಒಕ್ಕೂಟದ ಕೆಲಸ. ದಾಖಲೆ ಕೋಣೆಯವರಿಂದ ಫೈಲಿನ ನಕಲು ತರಿಸಿದೆ. ಒಪ್ಪಿಗೆ ಕೊಟ್ಟ ಆ ಬೇಜವಾಬ್ದಾರಿ ಮನುಷ್ಯನನ್ನು ವರದಿಯಲ್ಲಿ ಚೆನ್ನಾಗಿ ಜಾಡಿಸಬೇಕು ಎಂದು ವಾಕ್ಯವನ್ನೂ ಹೊಂದಿಸಿಕೊಂಡಿದ್ದೆ.

ಕೊನೆಯ ಪುಟದಲ್ಲಿ ನನ್ನ ಸಹಿ ಇದೆ.

"ದಾಖಲೆಗಳು ಕ್ರಮಬದ್ಧವಾಗಿವೆ." ಅಕ್ಷರವೂ ನನ್ನದೇ. ಫೈಲು ನನ್ನ ಮೇಜಿಗೆ ಬಂದದ್ದು ಎರಡು ಐವತ್ತಕ್ಕೆ, ಹೋದದ್ದು ಮೂರು ಮೂವತ್ತಕ್ಕೆ ಎಂದು ಮುದ್ರೆ ಹೇಳುತ್ತದೆ. ಹಣ ಎಲ್ಲಿಂದ ಬರುತ್ತದೆ ಎಂಬ ಏಳನೆಯ ಪುಟದಲ್ಲಿ ಅವನು ಎರಡೇ ಪದ ಬರೆದಿದ್ದಾನೆ, ಸ್ವಂತ ಮೂಲ. ಪಕ್ಕದಲ್ಲಿ ನನ್ನ ಸರಿ ಗುರುತು. ಆ ದಿನ ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಏನೂ ನೆನಪಾಗುತ್ತಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತಿದೆ.

ನಲವತ್ತು ನಿಮಿಷ. ಹುಲ್ಲಜ್ಜ ಅಷ್ಟು ಹೊತ್ತಿನಲ್ಲಿ ಹತ್ತು ಸಾಲೂ ಮುಗಿಸಲಾರರು.

ಮಾರ್ಚ್ 18, ಮಂಗಳವಾರ

ಬರೆದೆ. ಹರಿದೆ. ನಮ್ಮವರಿಗೆ ಹೇಳಿದೆ. ಅವರು, "ಉಳಿದೋರ ತಪ್ಪು ಬರೆಯೋ ಹಾಳೆಯಲ್ಲೇ ನಿಂದೂ ಬರಿ. ಬೇರೆ ಹಾಳೆ ತಗೋಬೇಡ," ಎಂದರು.

ಮಾರ್ಚ್ 20, ಗುರುವಾರ

ವರದಿ ಮುಗಿಯಿತು. ನಿಯಮ ಮೂವತ್ತೊಂದು ಕದ್ದವನನ್ನು ಬಿಟ್ಟು ಕಳೆದುಕೊಂಡವರನ್ನು ಹಿಡಿಯುತ್ತದೆ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಕ್ಲಬ್ಬು ಕೊಳ್ಳುವಾಗ ಮಾಲೀಕ ಒಕ್ಕೂಟದಲ್ಲಿಟ್ಟ ಠೇವಣಿಯಿಂದ ಇವರ ಸಂಬಳ ಮೊದಲು ಕೊಡಿ, ತುರ್ತುನಿಧಿಯಿಂದ ಸೀಸನ್ ಮುಗಿಸಿ, ಅವನನ್ನು ಮತ್ತೆ ಎಂದೂ ಯಾವ ಕ್ಲಬ್ಬಿನ ಹತ್ತಿರಕ್ಕೂ ಸೇರಿಸಬೇಡಿ. ಮುಂದೆ ಕ್ಲಬ್ಬು ಕೊಳ್ಳುವವನಿಂದ ಒಂದು ವರ್ಷದ ಸಂಬಳವನ್ನು ಮುಂಚಿತವಾಗಿಯೇ ಇಡಿಸಿಕೊಳ್ಳಿ. ಒಪ್ಪಿಗೆ ಕೊಡುವ ಅಧಿಕಾರಿ ಆ ಮೈದಾನದಲ್ಲಿ ಒಂದು ವಾರ ಕಳೆದ ಮೇಲೆಯೇ ಸಹಿ ಹಾಕಲಿ. ಈ ಪ್ರಕರಣದಲ್ಲಿ ಹಾಗೆ ನೋಡದೆ ಸಹಿ ಹಾಕಿದವಳು ಈ ವರದಿ ಬರೆಯುತ್ತಿರುವವಳೇ.

ಇಷ್ಟಕ್ಕೂ ಬೆಲೆ ಬರಬೇಕಾದರೆ ಸಂಬಳ ಬಂದಿಲ್ಲ, ಹಳೆಯ ಸಹಿ ಸುಳ್ಳು ಎಂದು ಮೂವತ್ತೆಂಟು ಜನವೂ ಹೊಸದಾಗಿ ಬರೆದುಕೊಡಬೇಕು. ಒಕ್ಕೂಟದ ಮಂಡಳಿ ನನ್ನ ಮಾತು ಕೇಳದಿದ್ದರೆ ಅದೇ ಕಾಗದ ಕ್ಲಬ್ಬಿನ ಕತ್ತಿಗೆ ಹಗ್ಗ. ಅದನ್ನೂ ಮುಚ್ಚಿಡದೆ ಹೇಳಿದೆ. ಬಟ್ಟೆಯಕ್ಕ ಕೈ ಒರೆಸಿಕೊಂಡು ಬಂದು ಮೊದಲು ಹಾಕಿದರು. ಸಂಜೆಯೊಳಗೆ ಮೂವತ್ತೇಳು ಆಯಿತು.

ಹುಲ್ಲಜ್ಜ ಬರಲಿಲ್ಲ. ನಾನೇ ಕಾಗದ ಹಿಡಿದು ಮೈದಾನಕ್ಕೆ ಹೋದೆ. ಗೋಲಿನ ಮುಂದೆ ಕೂತು ಕಳೆ ಕೀಳುತ್ತಿದ್ದರು.

"ಕ್ಲಬ್ಬು ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ಇಲ್ಲ ಎಂದೆ. ಹೋಗಬಹುದು ಎಂದೆ. ಚೀಲದಿಂದ ಮಾಲೀಕನ ಫೈಲಿನ ಕೊನೆಯ ಪುಟ ತೆಗೆದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

"ಇದು ನಿಮ್ಮ ಸೈನಾ?"

"ಹೌದು."

"ಹಾಗಾದ್ರೆ ನೀವೂ ಸುಳ್ಳು ಸೈನ್ ಹಾಕಿದ್ದೀರಿ."

"ಹೌದು. ನೋಡದೇ ಹಾಕಿದೆ."

"ನಾವು ನೋಡೇ ಹಾಕಿದ್ವಿ," ಎಂದರು ಹುಲ್ಲಜ್ಜ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿ ಪೆನ್ನು ಕೇಳಿದರು. ಕಾಗದವನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಬರೆದರು. ನಾನು ಪಕ್ಕದಲ್ಲಿ ಹುಲ್ಲಿನ ಮೇಲೆಯೇ ಕೂತಿದ್ದೆ. ಎದುರಿನ ಖಾಲಿ ಸ್ಟ್ಯಾಂಡು ಆ ಕೆಳಗಿನಿಂದ ನೋಡಿದಾಗ ಎಷ್ಟು ದೊಡ್ಡದು ಎಂದು ತಿಳಿಯಿತು.

ಮಾರ್ಚ್ 25, ಮಂಗಳವಾರ

ಮಂಡಳಿಯ ಸಭೆ. ಏಳು ಜನ, ಏಳು ನೀರಿನ ಬಾಟಲಿ. ಕಾರ್ಯದರ್ಶಿಗಳು ನನ್ನ ಮುಖ ನೋಡಲಿಲ್ಲ. ಅಧ್ಯಕ್ಷರು ಒಳ್ಳೆಯವರೇ, ಆದರೆ ಕಹಿ ಗುಳಿಗೆ ನುಂಗಿದವರ ಹಾಗೆ ವರದಿಯನ್ನು ತಿರುವುತ್ತಿದ್ದರು. ಕೊನೆಗೆ ಕೇಳಿದರು, "ಇವರನ್ನ ಬಿಟ್ಬಿಟ್ರೆ ನಾಳೆ ಎಲ್ಲಾ ಕಡೆ ಸುಳ್ಳು ಸೈನ್ ಹಾಕ್ತಾರೆ. ಆಗ ಏನ್ ಮಾಡ್ತೀರಿ?"

"ಸಂಬಳ ಬಂದಿಲ್ಲ ಅಂತ ನಿಜ ಹೇಳಿದೋರ ಕೆಲಸಾನೂ ಕಿತ್ಕೋತೀವಿ ಅಂತ ನಿಯಮ ಬರೆದಿದ್ದೀವಿ ಸರ್. ಇನ್ನು ನಿಜ ಯಾರು ಹೇಳ್ತಾರೆ?"

ನಾನು ಹಾಗೇ ಮುಂದುವರಿದೆ. ನಮಗೆ ಇನ್ನು ಆರು ಪಂದ್ಯ ಬಾಕಿ, ಈ ಶನಿವಾರದ್ದು ನಮ್ಮಲ್ಲೇ, ಎಡಮೂಲೆ ಈಗ ಗಟ್ಟಿಯಾಗಿದೆ, ಆರನೆಯವನ ಮೊಣಕಾಲು ಮಾತ್ರ ಅನುಮಾನ ಎಂದೆಲ್ಲ ಹೇಳಿದೆ. ಕಾರ್ಯದರ್ಶಿಗಳು ನಡುವೆ ಬಾಯಿ ಹಾಕಿ, "ನಮಗೆ ಅಂದ್ರೆ ಯಾರಿಗೆ?" ಎಂದರು. ಏನು ಕೇಳುತ್ತಿದ್ದಾರೆಂದು ತಿಳಿಯಲಿಲ್ಲ. ಪಂದ್ಯಗಳ ಪಟ್ಟಿ ಬೇಕಿರಬೇಕೆಂದು ಅದನ್ನೇ ಅವರ ಮುಂದೆ ಸರಿಸಿದೆ. ಅಧ್ಯಕ್ಷರು ಯಾಕೋ ನೀರು ಕುಡಿಯುತ್ತಿದ್ದವರು ಕೆಮ್ಮಿದರು.

ಮಾರ್ಚ್ 28, ಶುಕ್ರವಾರ

ತೀರ್ಪು ಬಂತು. ಒಗೆಯುವ ಕೋಣೆಯಲ್ಲಿ ನಾನೇ ಓದಿದೆ.

ನಾಲ್ಕು ತಿಂಗಳ ಸಂಬಳ ಠೇವಣಿಯಿಂದ ಮೊದಲು ಸಲ್ಲಬೇಕು. ಸೀಸನ್ ಮುಗಿಯುವ ತನಕ ಖರ್ಚು ಒಕ್ಕೂಟದ್ದು. ಮಾಲೀಕನಿಗೆ ಆಜೀವ ನಿಷೇಧ. ನಿಯಮ ಮೂವತ್ತೊಂದರ ತಿದ್ದುಪಡಿಗೆ ಸಮಿತಿ. ಸುಳ್ಳು ದಾಖಲೆಗಾಗಿ ತಂಡಕ್ಕೆ ಹನ್ನೆರಡು ಅಂಕ ಕಡಿತ. ಗುಮಾಸ್ತರು ಬೆರಳಲ್ಲಿ ಲೆಕ್ಕ ಹಾಕಿ, ಆರಕ್ಕೆ ಆರು ಗೆದ್ದರೂ ಕೆಳಗಿನ ಡಿವಿಷನ್ನಿಗೆ ಇಳಿಯುವುದು ತಪ್ಪುವುದಿಲ್ಲ ಎಂದರು. ಬಟ್ಟೆಯಕ್ಕ ಮುಖವನ್ನು ಒದ್ದೆ ಟವೆಲಿನಲ್ಲಿ ಮುಚ್ಚಿಕೊಂಡರು. ಸಂತೋಷವೋ ದುಃಖವೋ ಕೇಳುವ ಧೈರ್ಯ ನನಗಾಗಲಿಲ್ಲ.

"ಕೆಳಗಿನ ಡಿವಿಷನ್‌ನಲ್ಲಿ ಮೈದಾನದ ಅಳತೆ ಅಷ್ಟೇ ತಾನೇ?" ಎಂದು ಹುಲ್ಲಜ್ಜ ಕೇಳಿದರು. ಅಷ್ಟೇ ಎಂದೆ. ಸರಿ ಎಂದು ಹೊರಗೆ ಹೋದರು. ನಾಳೆ ಪಂದ್ಯವಿದೆಯಲ್ಲ.

ಕೊನೆಯ ಸಾಲು ನನ್ನ ಬಗ್ಗೆ. ವಿಚಾರಣೆ ಮುಗಿಯುವವರೆಗೆ ಲೈಸೆನ್ಸ್ ವಿಭಾಗದ ಯಾವ ಕಾಗದಕ್ಕೂ ನಾನು ಸಹಿ ಹಾಕುವಂತಿಲ್ಲ. ಅದನ್ನು ಗಟ್ಟಿಯಾಗಿ ಓದಲಿಲ್ಲ.

ಮಾರ್ಚ್ 29, ಶನಿವಾರ

ಪತ್ರಿಕೆಯಲ್ಲಿ ಎಲ್ಲವೂ ಬಂದಿತ್ತು, ಒಪ್ಪಿಗೆ ಕೊಟ್ಟ ಅಧಿಕಾರಿಯ ಹೆಸರೊಂದನ್ನು ಬಿಟ್ಟು. ಇಳಿಯುವುದು ಖಾತ್ರಿಯಾದ ತಂಡವನ್ನು ನೋಡಲು ಯಾರು ಬರುತ್ತಾರೆ ಎಂದುಕೊಂಡು ನಿಧಾನವಾಗಿ ಹೊರಟೆ. ರಸ್ತೆ ದಾಟಲು ಆಗಲಿಲ್ಲ. ಗೋಡೆಯ ಸುತ್ತ ಎರಡು ಸುತ್ತು ಸಾಲು ನಿಂತಿತ್ತು. ನನ್ನ ಗುರುತಿನ ಚೀಟಿ ತೋರಿಸದೆ ಸಾಲಿನಲ್ಲೇ ನಿಂತು ಟಿಕೆಟ್ಟು ಕೊಂಡೆ. ಒಳಗೆ ಕೂರಲು ಜಾಗವಿರಲಿಲ್ಲ, ಮೆಟ್ಟಿಲ ಪಕ್ಕ ನಿಂತೆ.

ಆಟಕ್ಕೆ ಮೊದಲು ಮೂವತ್ತೆಂಟು ಜನವನ್ನೂ ಮೈದಾನದ ಮಧ್ಯಕ್ಕೆ ಕರೆದರು. ಹುಲ್ಲಜ್ಜ ಮಧ್ಯಕ್ಕೆ ಹೋಗಲು ಬಿಡಲಿಲ್ಲ. ನಿನ್ನೆಯಷ್ಟೇ ಕತ್ತರಿಸಿದ್ದಾರೆ, ಯಾರ ಚಪ್ಪಲಿಯೂ ಬೀಳಕೂಡದಂತೆ. ಹಾಗಾಗಿ ಎಲ್ಲರೂ ಗೆರೆಯ ಹೊರಗೆ, ಗೋಡೆಯ ಅಂಚಿನಲ್ಲಿ, ಒಬ್ಬರ ಹಿಂದೊಬ್ಬರು ಸುತ್ತು ಬಂದರು. ಕೋಚ್, ಗೇಟಿನವರು, ತೇಪೆಯ ಸ್ವೆಟರಿನ ಗುಮಾಸ್ತರು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದ ಬಟ್ಟೆಯಕ್ಕ. ಅವರು ಹಾದುಹೋದ ಕಡೆಯೆಲ್ಲ ಜನ ಎದ್ದು ನಿಲ್ಲುತ್ತ ಹೋದರು, ಮತ್ತೆ ಕೂರಲಿಲ್ಲ. ಸುತ್ತು ಮುಗಿಯುವಾಗ ಒಬ್ಬರೂ ಕೂತಿರಲಿಲ್ಲ. ನನ್ನ ಬಾಯಿ ತೆರೆದೇ ಇತ್ತು. ಹತ್ತೊಂಬತ್ತು ವರ್ಷ ನಾನು ಯಾವುದರ ಲೈಸೆನ್ಸು ಕೊಡುತ್ತಿದ್ದೆ ಎಂದು ಇವತ್ತು ಕಂಡೆ, ಮೆಟ್ಟಿಲ ಕಂಬಿ ಹಿಡಿದುಕೊಂಡೆ.

ಎಲ್ಲರೂ ಕೂತ ಮೇಲೆ ನೋಡಿದರೆ, ಪಕ್ಕದ ಮೆಟ್ಟಿಲಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬರು ಅಜ್ಜಿ ಕೂತಿದ್ದರು, ಮಡಿಲಲ್ಲಿ ಫ್ಲಾಸ್ಕು. ನಲವತ್ತು ವರ್ಷದಿಂದ ಅದೇ ಮೆಟ್ಟಿಲಂತೆ. ನನ್ನನ್ನು ಹೊಸಬಳೆಂದು ಕಂಡು ಮಾತಿಗೆಳೆದರು.

"ಯಾರೋ ಒಕ್ಕೂಟದೋರು ಕಣ್ಣು ಮುಚ್ಕೊಂಡು ಆ ಕಳ್ಳನಿಗೆ ಸೈನ್ ಹಾಕಿಕೊಟ್ರಂತೆ. ಪೇಪರ್‌ನಲ್ಲಿ ಹೆಸರೇ ಹಾಕಿಲ್ಲ. ಯಾರಮ್ಮಾ ಆ ಪುಣ್ಯಾತ್ಮರು?"

ಸುಮ್ಮನಿರಬಹುದಿತ್ತು. ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು.

"ನಾನೇ," ಎಂದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟರಲ್ಲಿ ಸೀಟಿ ಕೇಳಿಸಿತು. ಅವರು ಫ್ಲಾಸ್ಕನ್ನು ಆಚೆಗಿಟ್ಟು, ಮೈ ಸರಿಸಿ, ಮೆಟ್ಟಿಲ ಮೇಲೆ ಅರ್ಧ ಜಾಗ ಮಾಡಿದರು.

"ಕೂತ್ಕೋ. ಮೊದ್ಲು ಆಟ ನೋಡೋಣ. ನಿನಗೆ ಬೈಯೋದು ಆಮೇಲೆ."

ತೊಂಬತ್ತು ನಿಮಿಷ ಅವರ ಪಕ್ಕದಲ್ಲಿ ಕೂತು ನೋಡಿದೆ. ಎರಡಕ್ಕೊಂದರಲ್ಲಿ ಗೆದ್ದೆವು. ಜನ ಕರಗಿದ ಮೇಲೆ ಅವರು ಮಫ್ಲರ್ ಬಿಚ್ಚಿ ಮಡಚಿಟ್ಟುಕೊಂಡು, ನನ್ನ ಕಡೆ ತಿರುಗಿ ಕೂತು, ಇಪ್ಪತ್ತು ನಿಮಿಷ ಬೈದರು. ನಾನು ಎಲ್ಲಿಯೂ ತಡೆಯಲಿಲ್ಲ. ತಡೆಯಬಹುದಾದಂಥ ಒಂದು ಮಾತೂ ಅದರಲ್ಲಿರಲಿಲ್ಲ.